ಹಸಿರು ಸರಕು ಮತ್ತು ಬಡವನ ಜೇಬು

(ಗಿರಣಿ ಕಾರ್ಮಿಕರೂ ಚಿಲ್ಲರೆ ವರ್ತಕರೂ ಕೂಡಿದ ಸಭೆಯಲ್ಲಿ ಪಕ್ಷದ ಸಂಘಟಕರೊಬ್ಬರು ಮಾಡಿದ ಭಾಷಣದ ಪಾಠ)



ಒಂದೇ ಜಮಖಾನದ ಮೇಲೆ ಗಿರಣಿ ಕಾರ್ಮಿಕರೂ ಅಂಗಡಿಕಾರರೂ ಕೂತಿರುವ ಸಭೆ ನಮ್ಮ ಊರಿನಲ್ಲಿ ಅಪರೂಪ. ಇದನ್ನು ಕೂಡಿಸಿದ ಕೀರ್ತಿ ನಮ್ಮ ಪಕ್ಷದ್ದಲ್ಲ, ಪ್ಲಾಸ್ಟಿಕ್ ಕವರಿನದು. ಕಳೆದ ತಿಂಗಳು ಅಧಿಕಾರಿಗಳ ತಂಡ ಬಂದು ಸಂತೆಬೀದಿಯ ಅಂಗಡಿಗಳನ್ನು ಶೋಧಿಸಿತು. ಕವರು ಸಿಕ್ಕವರಿಗೆಲ್ಲ ದಂಡ ಬಿತ್ತು. ಗಿರಾಕಿಗಳು ಕೇಳುತ್ತಾರೆ, ಅದಕ್ಕೇ ಇಡುತ್ತೇವೆ ಎಂದರು ವರ್ತಕರು. ಅಂಗಡಿಯವರು ಕೊಡುತ್ತಾರೆ, ಅದಕ್ಕೇ ಒಯ್ಯುತ್ತೇವೆ ಎಂದರು ಕಾರ್ಮಿಕರು. ಕೊಳ್ಳುವವನೂ ಮಾರುವವನೂ ಬೀದಿಯಲ್ಲಿ ಜಗಳವಾಡಿದರು. ಕವರು ತಯಾರಿಸಿದವನ ಹೆಸರನ್ನು ಮಾತ್ರ ಯಾರೂ ಎತ್ತಲಿಲ್ಲ.

ಈ ಜಗಳದ ಬುಡದಲ್ಲಿ ಒಂದು ಪ್ರಶ್ನೆ ಇದೆ. ನೆಲ, ನೀರು, ಗಾಳಿಗಳನ್ನು ಕೆಡಿಸದಂಥ ಸರಕನ್ನು ಜನ ಯಾವಾಗ ಕೊಳ್ಳುತ್ತಾರೆ? ನಮ್ಮ ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ. ಉಪದೇಶ ಕೇಳಿ ಯಾರೂ ಕೊಳ್ಳುವುದಿಲ್ಲ. ಬೆಲೆ ಕೈಗೆಟುಕಬೇಕು, ಮಾಲಿನ ಮೇಲೆ ನಂಬಿಕೆ ಹುಟ್ಟಬೇಕು, ನೆರೆಯವನೂ ಅದನ್ನೇ ಕೊಳ್ಳುವುದು ಕಣ್ಣಿಗೆ ಬೀಳಬೇಕು, ಎಲ್ಲರಿಗೂ ಒಂದೇ ಕಟ್ಟಳೆ ಇರಬೇಕು. ಈ ನಾಲ್ಕು ಕೂಡಿದಾಗ ಜನ ಕೊಳ್ಳುತ್ತಾರೆ. ಒಬ್ಬಂಟಿ ಗಿರಾಕಿ ಈ ನಾಲ್ಕನ್ನೂ ತಾನೇ ಒದಗಿಸಿಕೊಳ್ಳಲಾರ. ನಾವು ಕೂಡಿ ಮಾಡಬೇಕು, ಇಲ್ಲವೆ ಸರ್ಕಾರದಿಂದ ಮಾಡಿಸಬೇಕು.

ನಾವು ಕಲಿತ ಪಾಠ

ಮೊದಲು ನಮ್ಮದೇ ತಪ್ಪನ್ನು ಒಪ್ಪಿಕೊಳ್ಳಬೇಕು. ಎರಡು ವರ್ಷದ ಹಿಂದೆ ನಾವೂ ಸಂತೆಯಲ್ಲಿ ಫಲಕ ಹಿಡಿದು ತಿರುಗಿದೆವು. "ಕೈಚೀಲ ತನ್ನಿ, ಭೂಮಿ ಉಳಿಸಿ" ಎಂದು ಕೂಗಿದೆವು. ಶಾಲೆಯಲ್ಲಿ ಪಾಠ ಹೇಳಿ ಬಂದವರಿಗೆ ಎದುರಿಗೆ ಇರುವವರೆಲ್ಲ ಮಕ್ಕಳಂತೆ ಕಾಣುತ್ತಾರೆ, ಅದೊಂದು ಚಟ. ಸೊಪ್ಪು ಮಾರುವ ಅಜ್ಜಿಯೊಬ್ಬರು ನಮ್ಮ ಮಾತನ್ನೆಲ್ಲ ಸಾವಧಾನವಾಗಿ ಕೇಳಿ ಕೊನೆಗೆ ಹೀಗೆಂದರು: "ಮೇಷ್ಟ್ರೆ, ಪಾಳಿ ಮುಗಿಸ್ಕೊಂಡು ಸೀದಾ ಸಂತಿಗೆ ಬಂದೋನು ಚೀಲ ಎಲ್ಲಿಂದ ತರ್ತಾನೆ? ನಾನು ಕವರ್ ಕೊಡಲಿಲ್ಲ ಅಂದ್ರೆ ಪಕ್ಕದೋಳ ಹತ್ರ ಹೋಗ್ತಾನೆ. ಗಿರಾಕಿ ಕಳ್ಕೊಳ್ಳೋಳೂ ನಾನೇ, ದಂಡ ಕಟ್ಟೋಳೂ ನಾನೇ. ನಿಮಗೇನು, ಬೋರ್ಡು ಹಿಡ್ಕೊಂಡು ಮನಿಗೆ ಹೋಗ್ತೀರಿ."

ನಮ್ಮಲ್ಲಿ ಉತ್ತರವಿರಲಿಲ್ಲ. ಆ ಅಜ್ಜಿ ಎರಡು ಮಾತಿನಲ್ಲಿ ಹೇಳಿದ್ದನ್ನು ದೊಡ್ಡ ದೊಡ್ಡ ಪಂಡಿತರು ಸಮೀಕ್ಷೆ ಮಾಡಿ ಕಂಡುಕೊಂಡಿದ್ದಾರೆ. ಅಮೆರಿಕದ ಹಾರ್ವರ್ಡ್ ಬಿಸಿನೆಸ್ ರಿವ್ಯೂ ಪತ್ರಿಕೆಯಲ್ಲಿ 2019ರಲ್ಲಿ ಬಂದ ಲೇಖನವೊಂದು ಇಂಥ ಸಮೀಕ್ಷೆಯ ಲೆಕ್ಕ ಕೊಟ್ಟಿತು. ಪರಿಸರಕ್ಕೆ ಹಿತವಾದ ಮಾಲು ಕೊಳ್ಳುವ ಇಚ್ಛೆ ಇದೆ ಎಂದವರು ನೂರಕ್ಕೆ 65 ಮಂದಿ. ನಿಜವಾಗಿ ಕೊಳ್ಳುವವರು ಸುಮಾರು 26 ಮಂದಿ. ಅನುಕೂಲಸ್ಥರ ದೇಶದಲ್ಲೇ ಬಾಯಿಗೂ ಜೇಬಿಗೂ ಇಷ್ಟು ಅಂತರ. ಅಂದಮೇಲೆ ನಮ್ಮ ಸಂತೆಯ ಜನರನ್ನು ಬುದ್ಧಿಗೇಡಿಗಳು ಎಂದು ಬೈಯುವ ಹಕ್ಕು ಯಾರಿಗಿದೆ?

ಇನ್ನೂ ಒಂದು ಮಾತು. ಪರಿಸರದ ಪಾಠವನ್ನು ಬಡವನಿಗೆ ಹೇಳುವವರು ಬಡವನ ಮನೆಯನ್ನು ನೋಡಿಲ್ಲ. ಹಳೆಯ ಸೀರೆಯನ್ನು ಕೌದಿ ಮಾಡಿ ಹೊದೆಯುವವರು ಯಾರು? ಹಾರ್ಲಿಕ್ಸ್ ಬಾಟಲಿಯಲ್ಲಿ ಹತ್ತು ವರ್ಷ ಸಾಸಿವೆ ಇಡುವವರು ಯಾರು? ಕಿತ್ತ ಚಪ್ಪಲಿಗೆ ಮೂರು ಸಲ ಹೊಲಿಗೆ ಹಾಕಿಸುವವರು ಯಾರು? 1963ರಲ್ಲಿ ಡಾ. ರಾಮಮನೋಹರ ಲೋಹಿಯಾ ಅವರು ಲೋಕಸಭೆಯಲ್ಲಿ ಎದ್ದು ನಿಂತು, ದೇಶದ 27 ಕೋಟಿ ಜನ ದಿನಕ್ಕೆ 3 ಆಣೆಯಲ್ಲಿ ಬದುಕುತ್ತಿದ್ದಾರೆ ಎಂದು ಲೆಕ್ಕ ಮಂಡಿಸಿದರು. ಅದು ಮೂರಲ್ಲ, ಹದಿನೈದು ಆಣೆ ಎಂದು ಸರ್ಕಾರ ವಾದಿಸಿತು. ಆ ಚರ್ಚೆಯ ತಿರುಳು ಇಂದಿಗೂ ಹಳತಾಗಿಲ್ಲ. ಒಬ್ಬ ಮನುಷ್ಯ ಏನು ಕೊಳ್ಳುತ್ತಾನೆ ಎಂದು ಕೇಳುವ ಮೊದಲು ಅವನ ಕೈಯಲ್ಲಿ ಎಷ್ಟಿದೆ ಎಂದು ಕೇಳಬೇಕು.

ಬೆಲೆಯ ಮಾತು

ಹಾಗಾದರೆ ಜನ ಬದಲಾಗುವುದೇ ಇಲ್ಲವೆ? ಬದಲಾಗುತ್ತಾರೆ. ತಲೆಯೆತ್ತಿ ಈ ಸಭಾಂಗಣದ ದೀಪಗಳನ್ನು ನೋಡಿ. ಹತ್ತು ಹದಿನೈದು ವರ್ಷದ ಹಿಂದೆ ಇಲ್ಲಿ ಕಾದು ಉರಿಯುವ 60 ವಾಟಿನ ಬುರುಡೆ ಬಲ್ಬುಗಳಿದ್ದವು. ಇಂದು ಎಲ್‌ಇಡಿ ಇವೆ. ನಿಮ್ಮ ಮನೆಯಲ್ಲೂ ಹಾಗೆಯೇ. ಇದಕ್ಕಾಗಿ ಯಾರೂ ನಿಮಗೆ ಭೂಮಿತಾಯಿಯ ಪುರಾಣ ಹೇಳಲಿಲ್ಲ.

ನಡೆದದ್ದು ಇಷ್ಟು. 2014ರಲ್ಲಿ ಕೇಂದ್ರ ಸರ್ಕಾರದ ಒಡೆತನದ ಸಂಸ್ಥೆಯೊಂದು ಎಲ್‌ಇಡಿ ಬಲ್ಬನ್ನು ಸಗಟಾಗಿ ಕೊಂಡಾಗ ಒಂದಕ್ಕೆ ಬಿದ್ದ ಬೆಲೆ 310 ರೂಪಾಯಿ. 2015ರ ಜನವರಿಯಲ್ಲಿ ಉಜಾಲಾ ಯೋಜನೆ ಹೊರಟಿತು; ಅದೇ ವರ್ಷದ ಕೊನೆಗೆ ಕರ್ನಾಟಕದಲ್ಲಿ ಹೊಸ ಬೆಳಕು ಎಂಬ ಹೆಸರಿನಲ್ಲಿ ಬಂತು. ಕೋಟಿ ಕೋಟಿ ಬಲ್ಬಿಗೆ ಒಟ್ಟಿಗೆ ಟೆಂಡರು ಕರೆದರು. ಕಾರ್ಖಾನೆಗಳು ಒಂದರ ಮೇಲೊಂದು ಬಿದ್ದು ಬೆಲೆ ಇಳಿಸಿದವು. 2016ರಲ್ಲಿ ಅದೇ ಸಗಟು ಬೆಲೆ 38 ರೂಪಾಯಿಗೆ ಬಂತು. ಕೆಲವು ರಾಜ್ಯಗಳಲ್ಲಿ ಮುಂಗಡ ಹತ್ತು ರೂಪಾಯಿ ಕೊಟ್ಟರೆ ಸಾಕಿತ್ತು. ಉಳಿದದ್ದನ್ನು ಕರೆಂಟು ಬಿಲ್ಲಿನಲ್ಲಿ ಕಂತಾಗಿ ಹಿಡಿದರು. ಹೀಗೆ ದೇಶದಲ್ಲಿ 36 ಕೋಟಿಗೂ ಹೆಚ್ಚು ಬಲ್ಬು ಹಂಚಿಕೆಯಾಯಿತು.

ಲೆಕ್ಕ ಹಾಕಿ ನೋಡೋಣ. 60 ವಾಟಿನ ಬಲ್ಬಿನ ಜಾಗದಲ್ಲಿ 9 ವಾಟಿನ ಎಲ್‌ಇಡಿ ಹಾಕಿದರೆ ಉಳಿಯುವುದು 51 ವಾಟು. ದಿನಕ್ಕೆ 5 ಗಂಟೆ ಉರಿದರೆ ತಿಂಗಳಿಗೆ ಏಳೂವರೆ ಯೂನಿಟ್ಟಿಗೂ ಮೇಲೆ. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಮನೆಯ ಬಿಲ್ಲಿನ ಚಿಂತೆ ಬಹಳ ಜನಕ್ಕೆ ಇಳಿದಿದೆ. ಆದರೆ ಅಂಗಡಿಯ ಮೀಟರಿಗೆ ಗೃಹಜ್ಯೋತಿ ಇಲ್ಲ. ಯೂನಿಟ್ಟಿಗೆ 7 ರೂಪಾಯಿ ಎಂದು ಲೆಕ್ಕಕ್ಕೆ ಹಿಡಿದರೆ ಒಂದು ಬಲ್ಬಿನಿಂದ ತಿಂಗಳಿಗೆ 53 ರೂಪಾಯಿ ಉಳಿತಾಯ. ಕಿರಾಣಿ ಅಂಗಡಿಯವನಿಗೆ ಈ ಲೆಕ್ಕ ಯಾರೂ ಹೇಳಿಕೊಡಬೇಕಾಗಿಲ್ಲ.

ಈಗ ಫ್ಯಾನಿನ ಮಾತಿಗೆ ಬನ್ನಿ. ಹಳೆಯ ಬಗೆಯ ಫ್ಯಾನು ಸುಮಾರು 75 ವಾಟು ತಿನ್ನುತ್ತದೆ. ಹೊಸ ಬಿಎಲ್‌ಡಿಸಿ ಫ್ಯಾನು ಸುಮಾರು 30 ವಾಟು. ಅಂಗಡಿಯಲ್ಲಿ ದಿನಕ್ಕೆ 12 ಗಂಟೆ ತಿರುಗಿದರೆ ತಿಂಗಳಿಗೆ 16 ಯೂನಿಟ್ಟು ಉಳಿಯುತ್ತದೆ, ಅಂದರೆ ನೂರು ರೂಪಾಯಿಗೂ ಮೇಲೆ. ಹೊಸ ಫ್ಯಾನಿಗೆ ಸಾವಿರ ರೂಪಾಯಿ ಹೆಚ್ಚು ಕೊಟ್ಟರೂ ವರ್ಷದೊಳಗೆ ಅಸಲು ಹುಟ್ಟುತ್ತದೆ. ಆದರೂ ನಮ್ಮವರು ಹಳೆಯ ಫ್ಯಾನನ್ನೇ ಏಕೆ ಕೊಳ್ಳುತ್ತಾರೆ? ಆ ಸಾವಿರ ರೂಪಾಯಿ ಇಂದು ಕೈಯಲ್ಲಿಲ್ಲ, ಅಷ್ಟೆ. ಉಳಿತಾಯ ಮಾಡಲಿಕ್ಕೂ ಬಡವನಿಗೆ ಬಂಡವಾಳ ಬೇಕು. ಅದಿಲ್ಲದ್ದರಿಂದ ಅವನು ಅಗ್ಗದ್ದನ್ನು ಕೊಂಡು ದುಬಾರಿಯಾಗಿ ಬದುಕುತ್ತಾನೆ.

ಬೆಲೆಯ ಬಲ ಎಷ್ಟೆಂಬುದಕ್ಕೆ ನಮ್ಮ ನಾಡಿನದೇ ಒಂದು ನೋವಿನ ಉದಾಹರಣೆ ಇದೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ರಾಷ್ಟ್ರಧ್ವಜ ತಯಾರಿಸುತ್ತಾರೆ. ನೂಲುವವರು, ನೇಯುವವರು, ಹೊಲಿಯುವವರು ಬಹುಪಾಲು ಹೆಣ್ಣುಮಕ್ಕಳು. ಕೈನೂಲು, ಕೈಮಗ್ಗ, ಹತ್ತಿ. ಮಣ್ಣಿಗೆ ಬಿದ್ದರೆ ಮಣ್ಣಾಗುವ ಬಟ್ಟೆ. 2021ರ ಡಿಸೆಂಬರ್ 30ರಂದು ಕೇಂದ್ರ ಸರ್ಕಾರ ಧ್ವಜ ಸಂಹಿತೆಯನ್ನು ತಿದ್ದಿ, ಯಂತ್ರದಲ್ಲಿ ಮಾಡಿದ ಪಾಲಿಯೆಸ್ಟರ್ ಧ್ವಜಕ್ಕೂ ಒಪ್ಪಿಗೆ ಕೊಟ್ಟಿತು. ಮರುವರ್ಷ ಆಗಸ್ಟಿನಲ್ಲಿ ಮನೆಮನೆಗೆ ಧ್ವಜ ಎಂಬ ಚಳವಳಿ ನಡೆಯಿತು. ದೇಶಾಭಿಮಾನಕ್ಕೆ ಆ ದಿನ ಕೊರತೆ ಇರಲಿಲ್ಲ. ಆದರೂ ಬೀದಿಬೀದಿಯಲ್ಲಿ ಹಾರಿದ್ದು ಹೆಚ್ಚಾಗಿ ಅಗ್ಗದ ಪಾಲಿಯೆಸ್ಟರು. ಬೆಂಗೇರಿಯವರು ಬೇಡಿಕೆ ಕುಸಿಯಿತೆಂದು ಗೋಳಾಡಬೇಕಾಯಿತು. ಧ್ವಜ ಕೊಳ್ಳುವಾಗಲೂ ಜನ ಬೆಲೆ ನೋಡಿದರು ಎಂದರೆ, ಸೊಪ್ಪಿನ ಕವರಿನಲ್ಲಿ ಬೆಲೆ ನೋಡುವುದಿಲ್ಲವೆ?

ನಂಬಿಕೆಯ ಮಾತು

ಎರಡನೆಯದು ನಂಬಿಕೆ. ಇಂದು ಪೇಟೆಗೆ ಹೋದರೆ ಸೋಪಿನ ಮೇಲೂ ಎಲೆಯ ಚಿತ್ರ, ಫಿನಾಯಿಲಿನ ಮೇಲೂ ಎಲೆಯ ಚಿತ್ರ. ಒಳಗಿನ ಮಾಲು ಅದೇ, ಚೀಟಿಗೆ ಮಾತ್ರ ಹಸಿರು ಬಣ್ಣ, ಬೆಲೆ ಎರಡು ಪಟ್ಟು. ಹೊರಗೆ ಥಳಕು, ಒಳಗೆ ಹುಳುಕು. ಇಂಥ ಸುಳ್ಳು ಹಸಿರನ್ನು ತಡೆಯಲಿಕ್ಕೆಂದೇ ಕೇಂದ್ರದ ಗ್ರಾಹಕ ರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರಿನಲ್ಲಿ ನಿಯಮಾವಳಿ ಹೊರಡಿಸಬೇಕಾಯಿತು. ಒಮ್ಮೆ ಮೋಸಹೋದ ಗಿರಾಕಿ ನಿಜವಾದ ಮಾಲನ್ನೂ ನಂಬುವುದಿಲ್ಲ.

ಸರ್ಕಾರದ ಎರಡು ಗುರುತುಗಳ ಕಥೆ ಕೇಳಿ. 1991ರಲ್ಲಿ ಇಕೋಮಾರ್ಕ್ ಎಂಬ ಗುರುತು ಹೊರಟಿತು. ಮಣ್ಣಿನ ಮಡಕೆ ಅದರ ಚಿಹ್ನೆ. ಚಿಹ್ನೆಯೇನೋ ಬಹಳ ಚೆಂದ. ಆದರೆ ತೆಗೆದುಕೊಳ್ಳುವುದೂ ಬಿಡುವುದೂ ತಯಾರಕನ ಇಚ್ಛೆಗೆ ಬಿಟ್ಟದ್ದು. ತೆಗೆದುಕೊಂಡವರು ಬೆರಳೆಣಿಕೆಯಷ್ಟು. ಇಲ್ಲಿ ಕೂತವರಲ್ಲಿ ಆ ಮಡಕೆಯನ್ನು ಯಾವುದಾದರೂ ಮಾಲಿನ ಮೇಲೆ ಕಂಡವರಿದ್ದರೆ ಕೈ ಎತ್ತಿ. ಒಂದು ಕೈಯೂ ಏಳಲಿಲ್ಲ. 2024ರಲ್ಲಿ ಆ ಯೋಜನೆಗೆ ಹೊಸ ನಿಯಮ ಮಾಡಿದ್ದಾರೆ. ಫಲ ಮುಂದೆ ನೋಡಬೇಕು.

ಇನ್ನೊಂದು, 2006ರಲ್ಲಿ ಆರಂಭವಾದ ನಕ್ಷತ್ರದ ಚೀಟಿ. ಫ್ರಿಜ್ಜಿನ ಮೇಲೆ ಅಂಟಿಸಿರುತ್ತದಲ್ಲ, ಅದು. ಇದನ್ನು ನಮ್ಮ ಹೆಂಗಸರೂ ಬಲ್ಲರು, ಮಕ್ಕಳೂ ಬಲ್ಲರು. ಏಕೆ? ಮೊದಲನೆಯದಾಗಿ, ವರ್ಷಕ್ಕೆ ಎಷ್ಟು ಯೂನಿಟ್ಟು ಸುಡುತ್ತದೆ ಎಂದು ಅದು ಅಂಕೆಯಲ್ಲಿ ಹೇಳುತ್ತದೆ. ಬಿಲ್ಲಿನೊಂದಿಗೆ ತಾಳೆ ನೋಡಬಹುದು. ಎರಡನೆಯದಾಗಿ, 2010ರಿಂದ ಹಲವು ಫ್ರಿಜ್ಜುಗಳಿಗೂ ಏಸಿಗಳಿಗೂ, 2023ರಿಂದ ಫ್ಯಾನುಗಳಿಗೂ ಅದು ಕಡ್ಡಾಯವಾಗಿದೆ. ಹಾಕುವುದು ಕಡ್ಡಾಯವಾದರೆ, ಕೆಟ್ಟ ಮಾಲಿನವನೂ ತನ್ನ ಹುಳುಕನ್ನು ಚೀಟಿಯಲ್ಲಿ ಹೊತ್ತು ನಿಲ್ಲಬೇಕಾಗುತ್ತದೆ. ಇಚ್ಛೆಯ ಗುರುತು ಮೂಲೆ ಸೇರಿತು, ಕಡ್ಡಾಯದ ಗುರುತು ಮನೆ ಸೇರಿತು.

ನೆರೆಯವರ ಮಾತು

ಮೂರನೆಯದು ನೆರೆಯವರ ನಡತೆ. ಇದು ಕೊಳ್ಳುವುದಕ್ಕೂ ಸಲ್ಲುತ್ತದೆ, ಬಳಸುವುದಕ್ಕೂ ಸಲ್ಲುತ್ತದೆ. ಅಮೆರಿಕದ ಹೋಟೆಲೊಂದರಲ್ಲಿ ನಡೆಸಿ 2008ರಲ್ಲಿ ಪ್ರಕಟಿಸಿದ ಒಂದು ಪರೀಕ್ಷೆ ಇದೆ. ಟವೆಲನ್ನು ದಿನವೂ ಒಗೆಯಲು ಹಾಕದೆ ಮತ್ತೆ ಬಳಸಿರೆಂದು ಕೋಣೆಗಳಲ್ಲಿ ಚೀಟಿ ಇಟ್ಟರು. "ಪರಿಸರ ಉಳಿಸಿ" ಎಂದು ಬರೆದ ಕಡೆ ನೂರಕ್ಕೆ 37ರಷ್ಟು ಜನ ಕೇಳಿದರು. "ಈ ಕೋಣೆಯಲ್ಲಿ ಇಳಿದಿದ್ದವರಲ್ಲಿ ಬಹುಮಂದಿ ಹಾಗೆ ಮಾಡಿದ್ದಾರೆ" ಎಂದು ಬರೆದ ಕಡೆ 49ರಷ್ಟು ಜನ ಕೇಳಿದರು. ಭೂಮಿಯ ಹೆಸರಿಗಿಂತ ಹಿಂದಿನ ಗಿರಾಕಿಯ ನಡತೆಗೆ ಹೆಚ್ಚು ಬೆಲೆ ಬಂತು.

ನಮಗೆ ಇದು ಹೊಸತೆ? ಒಬ್ಬ ಮುಷ್ಕರಕ್ಕೆ ಇಳಿಯುವುದಿಲ್ಲ. ತನ್ನ ಸಾಲಿನವರೆಲ್ಲ ಇಳಿದರೆ ಇಳಿಯುತ್ತಾನೆ. ಒಬ್ಬ ಅಂಗಡಿಯವ ಕದ ಹಾಕುವುದಿಲ್ಲ. ಬೀದಿಯೆಲ್ಲ ಹಾಕಿದರೆ ಹಾಕುತ್ತಾನೆ. ಒಳ್ಳೆಯ ಸರಕನ್ನು ಕೊಳ್ಳುವುದೂ ಹೀಗೆಯೇ.

ಕಟ್ಟಳೆಯ ಮಾತು

ನಾಲ್ಕನೆಯದು ಕಟ್ಟಳೆ. ಇಲ್ಲಿಗೆ ಸೊಪ್ಪಿನ ಅಜ್ಜಿಯ ಪ್ರಶ್ನೆ ಮತ್ತೆ ಬರುತ್ತದೆ: "ನಾನು ಕೊಡದಿದ್ದರೆ ಪಕ್ಕದವಳು ಕೊಡುತ್ತಾಳೆ."

ಒಂದೇ ವರ್ಷ, 2002ರಲ್ಲಿ, ಎರಡು ದೇಶಗಳು ಇದಕ್ಕೆ ಉತ್ತರ ಹುಡುಕಿದವು. ಬಾಂಗ್ಲಾದೇಶವು ತೆಳುವಾದ ಪಾಲಿಥೀನ್ ಚೀಲವನ್ನು ನಿಷೇಧಿಸಿತು. ಜಗತ್ತಿನಲ್ಲಿ ಮೊದಲು ಹಾಗೆ ಮಾಡಿದ ದೇಶ ಅದೇ. ನೆರೆಯ ಕಾಲದಲ್ಲಿ ಢಾಕಾದ ಚರಂಡಿಗಳು ಚೀಲಗಳಿಂದ ಕಟ್ಟಿಕೊಂಡು ಜನ ಪಟ್ಟ ಪಾಡು ಅದರ ಹಿಂದಿತ್ತು. ಆರಂಭದಲ್ಲಿ ಚೀಲ ಮರೆಯಾಯಿತು. ಆದರೆ ಅಷ್ಟೇ ಅಗ್ಗದ ಬೇರೆ ಚೀಲ ಜನರ ಕೈಗೆ ಬರಲಿಲ್ಲ, ಕಾರ್ಖಾನೆಗಳ ಮೇಲಿನ ಕಾವಲು ಸಡಿಲವಾಯಿತು. ಸೆಣಬಿನ ನಾಡಿನಲ್ಲೇ ಪಾಲಿಥೀನು ಮರಳಿ ಬಂತು.

ಐರ್ಲೆಂಡ್ ನಿಷೇಧಿಸಲಿಲ್ಲ. ಅಂಗಡಿಯಲ್ಲಿ ಒಯ್ಯುವ ಒಂದೊಂದು ಪ್ಲಾಸ್ಟಿಕ್ ಚೀಲಕ್ಕೂ ಗಿರಾಕಿ 15 ಸೆಂಟು ತೆರಿಗೆ ಕೊಡಬೇಕೆಂದು ಕಾನೂನು ಮಾಡಿತು. ಅದು ಎಲ್ಲ ಅಂಗಡಿಗೂ ಒಂದೇ ದರ. ಯಾವ ವರ್ತಕನೂ ಪುಕ್ಕಟೆ ಕೊಟ್ಟು ಗಿರಾಕಿಯನ್ನು ಸೆಳೆಯುವಂತಿರಲಿಲ್ಲ. ಬಂದ ಹಣ ಪರಿಸರದ ನಿಧಿಗೆ ಹೋಯಿತು. ಅದಕ್ಕೆ ಮೊದಲು ಒಬ್ಬ ಮನುಷ್ಯ ವರ್ಷಕ್ಕೆ ಸುಮಾರು 328 ಚೀಲ ಒಯ್ಯುತ್ತಿದ್ದನಂತೆ. ತೆರಿಗೆ ಬಂದ ಮೇಲೆ ಅದು 21ಕ್ಕೆ ಇಳಿಯಿತು. ಪಕ್ಕದವಳು ಕೊಡುತ್ತಾಳೆ ಎಂಬ ಭಯವನ್ನು ಕಾನೂನು ಕಿತ್ತುಹಾಕಿತು. ಗೆಲುವಿನ ಗುಟ್ಟು ಅದು.

ನಮ್ಮಲ್ಲಿ ಏನಾಗಿದೆ? ಕರ್ನಾಟಕ ಸರ್ಕಾರ 2016ರ ಮಾರ್ಚಿನಲ್ಲೇ ಪ್ಲಾಸ್ಟಿಕ್ ಕೈಚೀಲವನ್ನು ನಿಷೇಧಿಸಿತು. ಕೇಂದ್ರ ಸರ್ಕಾರ 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಲೋಟ, ತಟ್ಟೆ, ಚಮಚ, ಸ್ಟ್ರಾಗಳನ್ನು ನಿಷೇಧಿಸಿತು. ಈ ಆಜ್ಞೆಗಳು ಮಾರಾಟಕ್ಕೆ ಮಾತ್ರವಲ್ಲ, ತಯಾರಿಕೆಗೂ ಅನ್ವಯಿಸುತ್ತವೆ. ಹಾಗಿದ್ದರೆ ಸಂತೆಬೀದಿಗೆ ಕವರು ಬಂದದ್ದು ಎಲ್ಲಿಂದ? ಸೊಪ್ಪಿನ ಅಜ್ಜಿ ಮನೆಯಲ್ಲಿ ಕೂತು ಪ್ಲಾಸ್ಟಿಕ್ ಕರಗಿಸಿದರೆ? ತಯಾರಕನ ಗೋದಾಮಿನ ಬೀಗ ಮುಟ್ಟದೆ ತಳ್ಳುಗಾಡಿಯವನ ದಂಡಕ್ಕೆ ಕೈ ಹಾಕುವುದು ಯಾವ ನ್ಯಾಯ?

ಕಟ್ಟಳೆ ಕೆಲಸವನ್ನು ಉಳಿಸಬಲ್ಲದು ಎಂಬುದಕ್ಕೂ ನಿದರ್ಶನವಿದೆ. 1987ರ ಸೆಣಬಿನ ಚೀಲದ ಕಾಯಿದೆ ಇರುವುದರಿಂದಲೇ ಸರ್ಕಾರದ ಧಾನ್ಯವನ್ನು ಸೆಣಬಿನ ಗೋಣಿಯಲ್ಲಿ ತುಂಬುತ್ತಾರೆ. ಬಂಗಾಳದ ಸೆಣಬಿನ ಗಿರಣಿಗಳ ಕಾರ್ಮಿಕರಿಗೆ ಅನ್ನ ಸಿಗುವುದು ಬಹುಮಟ್ಟಿಗೆ ಆ ಬೇಡಿಕೆಯಿಂದ. ಮಣ್ಣಿಗೂ ಹಿತ, ಕೂಲಿಗೂ ಹಿತ. ಹತ್ತಿಯ ಗಿರಣಿಯವರಾದ ನಾವು ಇದನ್ನು ಮನಸ್ಸಿಟ್ಟು ನೋಡಬೇಕು.

ಈಗ ಮಾಡತಕ್ಕದ್ದು

ಬಂಧುಗಳೆ, ಬರಿ ಮಾತು ಸಾಕು. ನಿಮ್ಮ ಮುಂದೆ ಮೂರು ಸಲಹೆ ಇಡುತ್ತೇವೆ.

ಒಂದು, ಠೇವಣಿ ಚೀಲ. ಗಿರಣಿಯ ತುಂಡುಬಟ್ಟೆಯಿಂದ ಕೈಚೀಲ ಹೊಲಿಸೋಣ. ಕಾರ್ಮಿಕರ ಮನೆಗಳಲ್ಲಿ ಹೊಲಿಗೆ ಬಲ್ಲ ಹೆಣ್ಣುಮಕ್ಕಳು ಸಾಕಷ್ಟಿದ್ದಾರೆ. ಕೂಲಿ ಅವರಿಗೆ ಸೇರಲಿ. ನಮ್ಮ ಅಂದಾಜಿನಲ್ಲಿ ಬಟ್ಟೆ, ದಾರ, ಕೂಲಿ ಸೇರಿ ಚೀಲಕ್ಕೆ 20 ರೂಪಾಯಿ ಬೀಳುತ್ತದೆ. ಪಾಳಿ ಮುಗಿಸಿ ಬರಿಗೈಯಲ್ಲಿ ಬಂದವನು 20 ರೂಪಾಯಿ ಕೊಟ್ಟು ಚೀಲ ಒಯ್ಯಲಿ. ನಾಳೆ ಬೀದಿಯ ಯಾವ ಅಂಗಡಿಗೆ ಹಿಂದಿರುಗಿಸಿದರೂ 20 ರೂಪಾಯಿ ವಾಪಸು ಸಿಗಲಿ. ಹರಿದ ಚೀಲದ ನಷ್ಟವನ್ನು ಎರಡು ಸಂಘಗಳೂ ಅರ್ಧರ್ಧ ಹೊರಲಿ. ಮೊಸರು, ಮಾಂಸದಂಥವಕ್ಕೆ ಗಿರಾಕಿ ತಂದ ಡಬ್ಬಿಯ ತೂಕ ಕಳೆದು ಕೊಡಲಿ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಬಟ್ಟೆಯ ಚೀಲ ಎಂದ ಮಾತ್ರಕ್ಕೆ ಅದು ಪವಿತ್ರವಲ್ಲ. ಹತ್ತಿ ಬೆಳೆಯಲು ನೀರು ಬೇಕು, ಗೊಬ್ಬರ ಬೇಕು, ಗಿರಣಿಗೆ ಕರೆಂಟು ಬೇಕು. ಇಂಗ್ಲೆಂಡಿನ ಪರಿಸರ ಇಲಾಖೆ 2011ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ವಾತಾವರಣಕ್ಕೆ ಬೀಳುವ ಹೊರೆಯ ದೃಷ್ಟಿಯಿಂದ ಹತ್ತಿ ಚೀಲವೊಂದು ತೆಳು ಪ್ಲಾಸ್ಟಿಕ್ ಚೀಲಕ್ಕೆ ಸಮನಾಗಬೇಕಾದರೆ ಅದನ್ನು 131 ಸಲ ಬಳಸಬೇಕು. ಪ್ಲಾಸ್ಟಿಕ್ ಚರಂಡಿ ಕಟ್ಟುವುದು, ದನದ ಹೊಟ್ಟೆ ಸೇರುವುದು ಆ ಲೆಕ್ಕದಲ್ಲಿಲ್ಲ ನಿಜ. ಆದರೂ ಪುಕ್ಕಟೆ ಚೀಲ ಹಂಚಿ ಅದು ಮೂಲೆ ಸೇರುವಂತಾದರೆ ಪರಿಸರಕ್ಕೆ ಉಪಕಾರವಾಗುವುದಿಲ್ಲ. ಠೇವಣಿ ಇರತಕ್ಕದ್ದು ಅದಕ್ಕೇ. ದುಡ್ಡು ಕಟ್ಟಿದ ಚೀಲ ಕೈಯಿಂದ ಕೈಗೆ ಓಡಾಡುತ್ತದೆ. ತುಂಡುಬಟ್ಟೆ ಬಳಸುವುದೂ ಅದಕ್ಕೇ.

ಎರಡು, ಕೂಡಿ ಕೊಳ್ಳುವುದು. ಕಾರ್ಮಿಕರ ಪತ್ತಿನ ಸಂಘವೂ ವರ್ತಕರ ಸಂಘವೂ ಸೇರಿ ಕರೆಂಟು ಉಳಿಸುವ ಫ್ಯಾನುಗಳನ್ನು ಸಗಟು ದರದಲ್ಲಿ ತರಿಸಲಿ; ಸದಸ್ಯರಿಂದ ತಿಂಗಳಿಗೆ ನೂರು ರೂಪಾಯಿ ಕಂತು ಹಿಡಿಯಲಿ. ಅಂಗಡಿಯವನಿಗೆ ಉಳಿದ ಬಿಲ್ಲಿನ ಹಣವೇ ಕಂತಾಗುತ್ತದೆ. ದೇಶದ ಮಟ್ಟದಲ್ಲಿ ಬಲ್ಬಿಗೆ ಆದದ್ದು ಬೀದಿಯ ಮಟ್ಟದಲ್ಲಿ ಫ್ಯಾನಿಗೆ ಏಕಾಗಬಾರದು?

ಮೂರು, ಹಕ್ಕೊತ್ತಾಯ. ಕವರು ತಯಾರಿಸುವ ಕಡೆ, ಸಗಟು ಗೋದಾಮಿನ ಕಡೆ ಮೊದಲು ದಾಳಿಯಾಗಲಿ, ತಳ್ಳುಗಾಡಿಯ ಕಡೆ ಆಮೇಲೆ ಬರಲಿ. ದಂಡದ ಹಣದಲ್ಲಿ ಚೀಲ ಹೊಲಿಸಲು ಪಾಲು ಕೊಡಲಿ. ಹಸಿರು ಎಂದು ಬರೆದುಕೊಂಡ ಪ್ರತಿ ಮಾಲೂ ಏನು ಹಸಿರು, ಎಷ್ಟು ಹಸಿರು ಎಂದು ಕನ್ನಡದಲ್ಲಿ, ಅಂಕೆಯಲ್ಲಿ ಹೇಳಲಿ.

ಕೊನೆಯದಾಗಿ ಒಂದು ಮಾತು. ಸಂಗಾತಿಗಳೆ, ಅಂಗಡಿಯವನನ್ನು ಕಳ್ಳನೆನ್ನಬೇಡಿ. ಅವನ ಲಾಭ ನಿಮ್ಮ ಕೂಲಿಗಿಂತ ದೊಡ್ಡದಲ್ಲ. ವರ್ತಕ ಬಂಧುಗಳೆ, ಗಿರಾಕಿಯನ್ನು ದಡ್ಡನೆನ್ನಬೇಡಿ. ಅವನ ಜೇಬು ಖಾಲಿಯಾದರೆ ನಿಮ್ಮ ಗಲ್ಲಾಪೆಟ್ಟಿಗೆಯೂ ಖಾಲಿ. ನೀರು ಕೆಟ್ಟರೆ ಇಬ್ಬರ ಮಕ್ಕಳೂ ಅದನ್ನೇ ಕುಡಿಯುತ್ತಾರೆ. ಬಾಟಲಿ ನೀರು ಕೊಳ್ಳುವವನು ಬೇರೆಯವನು.

ಬರುವ ಭಾನುವಾರ ಸಂತೆಯಲ್ಲಿ ಮೊದಲ ಇನ್ನೂರು ಚೀಲ ಇಳಿಸಬೇಕೆಂಬ ಠರಾವನ್ನು ಅಧ್ಯಕ್ಷರ ಕೈಗೆ ಕೊಡುತ್ತಿದ್ದೇವೆ. ಒಪ್ಪಿಗೆ ಇದ್ದವರು ಕೈ ಎತ್ತಿ. ಈ ಸಲ ನಾವು ಫಲಕ ಹಿಡಿದು ಸಂತೆಗೆ ಬರುವುದಿಲ್ಲ, ಚೀಲದ ಗಂಟು ಹೊತ್ತು ಬರುತ್ತೇವೆ. ಮೊದಲ ಗಂಟನ್ನು ಇಳಿಸುವುದು ಆ ಸೊಪ್ಪಿನ ಅಜ್ಜಿಯ ಅಂಗಡಿಯ ಮುಂದೆ.